ಸದ್ದಿಲ್ಲದ ಪರಿವರ್ತನೆ

1957ನೆಯ ಇಸವಿಯ ಏಪ್ರಿಲ್ 1ರಂದು ಭಾರತದ ನಾಣ್ಯಪದ್ಧತಿ ಬದಲಾಯಿತು. ಹದಿನಾರಾಣೆಗೆ ಒಂದು ರೂಪಾಯಿ ಎಂಬ ಲೆಕ್ಕ ಹೋಗಿ, ನೂರು ನಯೇಪೈಸೆಗೆ ಒಂದು ರೂಪಾಯಿ ಎಂಬ ಲೆಕ್ಕ ಬಂದಿತು. ನೂರನ್ನು ಹದಿನಾರರಿಂದ ಭಾಗಿಸಿದರೆ ಆರೂಕಾಲು ಬರುತ್ತದೆ. ಕಾಲು ಪೈಸೆಗೆ ನಾಣ್ಯವಿಲ್ಲ. ಆದುದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ನಯೇಪೈಸೆ ಎಂಬ ಪರಿವರ್ತನೆಯ ಪಟ್ಟಿಯನ್ನು ಹೊರಡಿಸಬೇಕಾಯಿತು. ಮೂರಾಣೆಯನ್ನು ಒಟ್ಟಿಗೆ ಕೊಟ್ಟರೆ 19 ಪೈಸೆ. ಒಂದೊಂದಾಣೆಯಂತೆ ಮೂರು ಸಲ ಕೊಟ್ಟರೆ 18. ಈ ಒಂದು ಪೈಸೆ ಎಲ್ಲಿ ಹೋಯಿತೆಂಬುದನ್ನು ಪಟ್ಟಿಯನ್ನು ನೋಡಬಲ್ಲ ಯಾರು ಬೇಕಾದರೂ ಹೇಳಬಹುದಾಗಿದ್ದಿತು. ಅಲ್ಲಿ ನಷ್ಟವಿದ್ದಿತು, ಆದರೆ ಗುಟ್ಟಿರಲಿಲ್ಲ.

ಇಂದು ಇಂಥ ಪರಿವರ್ತನೆಗಳು ಗಣಕಯಂತ್ರಗಳಲ್ಲಿ ಕ್ಷಣಕ್ಷಣವೂ ನಡೆಯುತ್ತಿವೆ. ಸಂಬಳದ ಪಟ್ಟಿ, ಆಸ್ಪತ್ರೆಯ ದಾಖಲೆ, ಆಕಾಶಕ್ಕೇರುವ ರಾಕೆಟ್ಟು ಇವೆಲ್ಲವುಗಳ ಹಿಂದೆ ಒಂದು ಬಗೆಯ ಸಂಖ್ಯೆ ಮತ್ತೊಂದು ಬಗೆಯದಾಗಿ ಮಾರ್ಪಡುತ್ತಲೇ ಇರುತ್ತದೆ. ಆದರೆ ಇಲ್ಲಿ ಯಾರೂ ಪಟ್ಟಿಯನ್ನು ಹೊರಡಿಸುವುದಿಲ್ಲ. ಬಹುವೇಳೆ ಪರಿವರ್ತನೆ ನಡೆಯಿತೆಂಬ ಸಂಗತಿಯೇ ಬಳಸುವವನಿಗೆ ತಿಳಿಯುವುದಿಲ್ಲ. ಮೌಲ್ಯವನ್ನು ಕೆಡಿಸಬಲ್ಲ ಪರಿವರ್ತನೆಯನ್ನು ಯಾವ ತಂತ್ರಾಂಶವೂ ಸದ್ದಿಲ್ಲದೆ ಮಾಡಕೂಡದು. ಹಾಗೆ ಮಾಡುವುದಕ್ಕಿಂತ ಕೆಲಸವನ್ನು ನಿಲ್ಲಿಸಿ ‘ಇದು ನನ್ನಿಂದಾಗದು’ ಎಂದು ಸಾರುವುದು ಲೇಸು ಎಂಬುದೇ ಈ ಲೇಖನದ ವಾದ.

ವಾದಕ್ಕೆ ಮೊದಲು ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ. ಗಣಕದ ಸ್ಮೃತಿಯಲ್ಲಿ ಎಲ್ಲವೂ ಸೊನ್ನೆ ಮತ್ತು ಒಂದುಗಳ ಸಾಲುಗಳಾಗಿಯೇ ನೆಲೆಸುತ್ತವೆ. ಸಾಲಿನ ಒಂದೊಂದು ಸ್ಥಾನಕ್ಕೂ ಬಿಟ್ ಎಂದು ಹೆಸರು. ಒಂದು ಸಂಖ್ಯೆಗೆ ಎಷ್ಟು ಬಿಟ್‌ಗಳ ಎಡೆ ಕೊಡಬೇಕು, ಆ ಬಿಟ್‌ಗಳನ್ನು ಯಾವ ಅರ್ಥದಲ್ಲಿ ಓದಬೇಕು ಎಂಬ ಕಟ್ಟಳೆಯೇ ದತ್ತಾಂಶದ ಬಗೆ. ಎಂಟು ಬಿಟ್‌ಗಳ ಪೂರ್ಣಾಂಕದಲ್ಲಿ 0ಯಿಂದ 255ರವರೆಗಿನ ಬೆಲೆಗಳನ್ನು ಇಡಬಹುದು. ಹದಿನಾರು ಬಿಟ್‌ಗಳಲ್ಲಿ ಋಣ ಮತ್ತು ಧನಗಳೆರಡನ್ನೂ ಬರೆಯುವುದಾದರೆ −32,768ರಿಂದ 32,767ರವರೆಗೆ ಮಾತ್ರವೇ ಸ್ಥಳವುಂಟು. ತೇಲುಬಿಂದು ಸಂಖ್ಯೆ ಎಂಬುದು ಇನ್ನೊಂದು ಬಗೆ. ಅದರಲ್ಲಿ ಭಿನ್ನರಾಶಿಯ ಬಿಂದು ಬೇಕಾದ ಕಡೆಗೆ ಸರಿಯುವುದರಿಂದ ಅತಿ ಸಣ್ಣ ಬೆಲೆಯನ್ನೂ ಅತಿ ದೊಡ್ಡ ಬೆಲೆಯನ್ನೂ ಬರೆಯಬಹುದು. ಆದರೆ 64 ಬಿಟ್‌ಗಳ ಇಂಥ ಸಂಖ್ಯೆಯಲ್ಲಿ ನೆಚ್ಚಬಹುದಾದ ಅಂಕಿಗಳು ಹದಿನೈದು ಹದಿನಾರನ್ನು ಮೀರುವುದಿಲ್ಲ.

ಆದುದರಿಂದ ದತ್ತಾಂಶದ ಬಗೆಯೆಂದರೆ ಒಂದು ಮಾನದ ಪಾತ್ರೆ ಎಂದು ತಿಳಿಯಬಹುದು. ಪಾವಿಗೆ ಸೇರಕ್ಕಿಯನ್ನು ಸುರಿದರೆ ಮುಕ್ಕಾಲು ಪಾಲು ನೆಲಕ್ಕೆ ಚೆಲ್ಲುತ್ತದೆ, ಚೆಲ್ಲಿದುದು ಕಣ್ಣಿಗೆ ಕಾಣುತ್ತದೆ, ಬಾಚಿಕೊಳ್ಳಲೂ ಬಹುದು. ಗಣಕದಲ್ಲಿ ಹಾಗಲ್ಲ. 300 ಎಂಬ ಬೆಲೆಯನ್ನು ಎಂಟು ಬಿಟ್‌ಗಳ ಪಾತ್ರೆಗೆ ಸುರಿದರೆ, ಹಿಡಿಸದ ಮೇಲಿನ ಬಿಟ್ಟು ಕಳಚಿಹೋಗಿ, 300ರಲ್ಲಿ 256 ಕಳೆದು ಉಳಿದ 44 ಮಾತ್ರ ನಿಲ್ಲುತ್ತದೆ. ಪಾತ್ರೆ ತುಂಬಿ ತುಳುಕಿದ ಗುರುತಿಲ್ಲ; ನೆಲದ ಮೇಲೆ ಒಂದು ಕಾಳೂ ಇಲ್ಲ. 44 ಎಂಬುದು ಅಚ್ಚುಕಟ್ಟಾದ, ಅನುಮಾನಕ್ಕೆ ಎಡೆಗೊಡದ ಸಂಖ್ಯೆಯಾಗಿ ಕುಳಿತಿರುತ್ತದೆ.

ಇದು ಪುಸ್ತಕದ ಉದಾಹರಣೆಯೆಂದು ವಾಚಕರು ಭಾವಿಸಬಾರದು. ಲೆಕ್ಕದ ಕ್ರಮವಿಧಿಗಳನ್ನು ಪ್ರತಿಯೊಬ್ಬನೂ ಮೊದಲಿನಿಂದ ಬರೆಯುವ ವಾಡಿಕೆ ಈಗಿಲ್ಲ. ಒಬ್ಬರು ಬರೆದು ಪರೀಕ್ಷಿಸಿಟ್ಟುದನ್ನು ಹಲವರು ಎರವಲು ತಂದು ಬಳಸುತ್ತಾರೆ. ಇಂಥ ಸಂಗ್ರಹಕ್ಕೆ ತಂತ್ರಾಂಶದ ಲೈಬ್ರರಿ ಎಂದು ಹೆಸರು. ಪೈಥಾನ್ ಎಂಬ ಗಣಕಭಾಷೆಯಲ್ಲಿ ಕೆಲಸಮಾಡುವ ವಿಜ್ಞಾನಿಗಳು ಬಹುಮಟ್ಟಿಗೆ ನೆಚ್ಚಿರುವ ನಮ್‌ಪೈ ಅಂಥದೊಂದು ಲೈಬ್ರರಿ. ಛಾಯಾಚಿತ್ರದ ಚುಕ್ಕಿಗಳ ಬೆಳಕನ್ನು ಸಾಮಾನ್ಯವಾಗಿ ಎಂಟು ಬಿಟ್‌ಗಳಲ್ಲಿ ಬರೆದಿಡುತ್ತಾರೆ: 0 ಎಂದರೆ ಕತ್ತಲೆ, 255 ಎಂದರೆ ಪೂರ್ಣ ಬೆಳಕು. ಅಂಥ ಎರಡು ಚಿತ್ರಗಳನ್ನು ನಮ್‌ಪೈಯಲ್ಲಿ ಕೂಡಿಸಿದಾಗ 200 ಮತ್ತು 100ರ ಮೊತ್ತ 44 ಆಗುತ್ತದೆ. ಇನ್ನಷ್ಟು ಬೆಳಗಬೇಕಾದ ಚುಕ್ಕಿ ಕಪ್ಪಾಗುತ್ತದೆ. ಎಚ್ಚರಿಕೆಯ ಮಾತೊಂದೂ ಬರುವುದಿಲ್ಲ. 300ನ್ನು ಎಂಟು ಬಿಟ್‌ಗಳ ಸಂಖ್ಯೆಯಾಗಿ ಮಾಡೆಂದು ನೇರವಾಗಿ ಕೇಳಿದರೆ ಹಿಂದಿನ ಆವೃತ್ತಿಗಳು 44ನ್ನೇ ಕೊಡುತ್ತಿದ್ದವು. 2024ರಲ್ಲಿ ಹೊರಬಂದ 2.0 ಆವೃತ್ತಿಯಾದರೋ ಒಪ್ಪದೆ ದೋಷವನ್ನು ಸಾರಿ ನಿಲ್ಲುತ್ತದೆ. ಹಳೆಯ ಕ್ರಮವಿಧಿಗಳು ಇದರಿಂದ ಅಲ್ಲಲ್ಲಿ ನಿಂತುಹೋದರೆ ಬಳಸುವವರಿಗೆ ಬೇಸರವಾಗುವುದು ಸಹಜ. ಆದರೆ ಹಾಗೆ ನಿಂತ ಕ್ರಮವಿಧಿ ಅದುವರೆಗೆ ಸರಿಯಾಗಿ ನಡೆಯುತ್ತಿದ್ದಿತೆಂದು ಹೇಳುವವರಾರು?

ಕ್ರಮವಿಧಿ ನಡುವೆ ಕೆಟ್ಟು ನಿಲ್ಲುವುದಕ್ಕೆ ಕ್ರ್ಯಾಶ್ ಎನ್ನುತ್ತಾರೆ. ಬಳಸುವವರು ಅದನ್ನು ವೈರಿಯಂತೆ ಕಾಣುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ವೈರಿಯಲ್ಲ, ಸಾಕ್ಷಿ. ಯಾವ ಎಡೆಯಲ್ಲಿ, ಯಾವ ಬೆಲೆಯಿಂದ, ಯಾವ ಕ್ಷಣದಲ್ಲಿ ಕೆಡುಕಾಯಿತೆಂಬುದನ್ನು ಅದು ಹೇಳುತ್ತದೆ. ದೋಷಶೋಧನೆ ಎಂಬ ವಿದ್ಯೆಯೆಲ್ಲ ಈ ಸಾಕ್ಷಿಯ ಮಾತನ್ನು ಹಿಡಿದು ಹಿಂದುಹಿಂದಕ್ಕೆ ನಡೆಯುವುದೇ ಆಗಿದೆ. ಸದ್ದಿಲ್ಲದ ಪರಿವರ್ತನೆಯಲ್ಲಿ ಸಾಕ್ಷಿಯೇ ಇರುವುದಿಲ್ಲ. ಈ ಮಾತಿಗೆ ಎರಡು ನಿದರ್ಶನಗಳನ್ನು ನೋಡೋಣ. ಮೊದಲನೆಯದು ನನ್ನ ವಾದಕ್ಕೆ ವಿರೋಧವಾಗಿ ಕಾಣುವಂಥದು. ಆದುದರಿಂದಲೇ ಅದನ್ನು ಮೊದಲು ಹೇಳತಕ್ಕದ್ದು.

1996ನೆಯ ಜೂನ್ 4ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೂರೂ ಎಂಬಲ್ಲಿಂದ ಐರೋಪ್ಯರ ಏರಿಯನ್-5 ರಾಕೆಟ್ಟು ಮೊದಲ ಬಾರಿಗೆ ಮೇಲೇರಿತು. ಸೂರ್ಯನ ಪ್ರಭಾವಕ್ಕೆ ಒಳಗಾದ ಭೂಮಿಯ ಕಾಂತಾವರಣವನ್ನು ಪರಿಶೀಲಿಸಬೇಕಾಗಿದ್ದ ಕ್ಲಸ್ಟರ್ ಎಂಬ ನಾಲ್ಕು ಉಪಗ್ರಹಗಳು ಅದರ ಮೇಲಿದ್ದವು. ಹಾರಾಟದ ಅನುಕ್ರಮ ಆರಂಭವಾದ ಸುಮಾರು 40 ಸೆಕೆಂಡುಗಳಲ್ಲಿ, ಸುಮಾರು 3,700 ಮೀಟರ್ ಎತ್ತರದಲ್ಲಿ, ರಾಕೆಟ್ಟು ಹಾದಿ ತಪ್ಪಿ, ಮುರಿದು, ಸಿಡಿದುಹೋಯಿತು. ಅವಶೇಷಗಳು ಕಾಂಡ್ಲಾ ಕಾಡಿನ ಜೌಗಿನಲ್ಲಿಯೂ ಹುಲ್ಲುಗಾವಲಿನಲ್ಲಿಯೂ ಸುಮಾರು 12 ಚದರ ಕಿಲೋಮೀಟರುಗಳಷ್ಟು ಹರಡಿ ಬಿದ್ದವು. ಜ್ಯಾಕ್ ಲೂಯಿ ಲಿಯೋನ್ಸ್ ಎಂಬ ಗಣಿತಜ್ಞರ ಅಧ್ಯಕ್ಷತೆಯ ವಿಚಾರಣಾ ಮಂಡಳಿ ಜುಲೈ 19ರಂದು ವರದಿಯನ್ನು ಒಪ್ಪಿಸಿತು.

ರಾಕೆಟ್ಟು ಯಾವ ದಿಕ್ಕಿಗೆ ಎಷ್ಟು ವಾಲಿದೆ, ಯಾವ ವೇಗದಲ್ಲಿ ಚಲಿಸುತ್ತಿದೆ ಎಂಬುದನ್ನು ಅಳೆಯುವ ಉಪಕರಣದಲ್ಲಿ ಕ್ಷಿತಿಜೀಯ ವೇಗಕ್ಕೆ ಸಂಬಂಧಿಸಿದ ಒಂದು ಬೆಲೆಯಿದ್ದಿತು. ಅದನ್ನು 64 ಬಿಟ್‌ಗಳ ತೇಲುಬಿಂದುವಿನಿಂದ 16 ಬಿಟ್‌ಗಳ ಪೂರ್ಣಾಂಕಕ್ಕೆ ಪರಿವರ್ತಿಸಲಾಗುತ್ತಿದ್ದಿತು. ಈ ಕ್ರಮವಿಧಿಯನ್ನು ಹಿಂದಿನ ಏರಿಯನ್-4ರಿಂದ ಹಾಗೆಯೇ ಎತ್ತಿಕೊಂಡಿದ್ದರು. ಏರಿಯನ್-4ರ ಹಾದಿಯಲ್ಲಿ ಆ ಬೆಲೆ 32,767ನ್ನು ಮುಟ್ಟುವಂತಿರಲಿಲ್ಲ. ಏರಿಯನ್-5 ಆರಂಭದಲ್ಲಿಯೇ ಬಹಳ ಹೆಚ್ಚಿನ ಕ್ಷಿತಿಜೀಯ ವೇಗವನ್ನು ಪಡೆಯುತ್ತಿದ್ದಿತು. ಬೆಲೆ ಪಾತ್ರೆಯನ್ನು ಮೀರಿತು. ಕ್ರಮವಿಧಿಯನ್ನು ಬರೆದಿದ್ದ ಏಡಾ ಎಂಬ ಭಾಷೆ ತಪ್ಪು ಬೆಲೆಯನ್ನು ಸದ್ದಿಲ್ಲದೆ ಕೂರಿಸದೆ ದೋಷವನ್ನು ಸಾರಿತು. ದೋಷ ಬಂದರೆ ಉಪಕರಣದ ಗಣಕವನ್ನು ನಿಲ್ಲಿಸತಕ್ಕದ್ದೆಂದು ನಿಯಮವಿದ್ದಿತು, ಅದು ನಿಂತಿತು. ಆಪತ್ಕಾಲಕ್ಕೆಂದು ಇಟ್ಟಿದ್ದ ಜೊತೆಯ ಉಪಕರಣದಲ್ಲಿಯೂ ಅದೇ ಕ್ರಮವಿಧಿ ಇದ್ದುದರಿಂದ, ಅದು ಇದಕ್ಕಿಂತ ಕ್ಷಣಾಂಶದ ಮೊದಲೇ ಅದೇ ಕಾರಣದಿಂದ ನಿಂತುಹೋಗಿದ್ದಿತು.

‘ನಿಲ್ಲುವುದೇ ಲೇಸೆಂದಿರಿ, ನಿಂತುದರಿಂದಲೇ ರಾಕೆಟ್ಟು ಹೋಯಿತಲ್ಲ!’ ಎಂದು ವಾಚಕರು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ವರದಿಯನ್ನು ಮುಂದಕ್ಕೆ ಓದಿದರೆ ಕಥೆ ಅಷ್ಟು ಸರಳವಲ್ಲವೆಂದು ತಿಳಿಯುತ್ತದೆ. ಪಾತ್ರೆ ಮೀರಬಹುದಾದ ಏಳು ಬೆಲೆಗಳನ್ನು ಕ್ರಮವಿಧಿಕಾರರು ಮೊದಲೇ ಗುರುತಿಸಿದ್ದರು. ಅವುಗಳಲ್ಲಿ ನಾಲ್ಕಕ್ಕೆ ರಕ್ಷಣೆ ಕೊಟ್ಟು ಮೂರನ್ನು ಬಿಟ್ಟಿದ್ದರು. ಗಣಕದ ಕೆಲಸದ ಹೊರೆ ನೂರಕ್ಕೆ 80ನ್ನು ಮೀರಬಾರದೆಂಬ ಗುರಿ ಇದ್ದುದರಿಂದ ಎಲ್ಲಕ್ಕೂ ಕಾವಲಿಡುವಂತಿರಲಿಲ್ಲ. ಇದು ಅಜಾಗರೂಕತೆಯಲ್ಲ, ಆಲೋಚಿಸಿ ಮಾಡಿದ ತೀರ್ಮಾನ. ತಪ್ಪೇನೆಂದರೆ, ಆ ತೀರ್ಮಾನದ ಕಾರಣವನ್ನು ಕ್ರಮವಿಧಿಯ ಪಠ್ಯದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ‘ಈ ಬೆಲೆ ಇಷ್ಟನ್ನು ಮೀರದೆಂಬ ನಂಬಿಕೆಯ ಮೇಲೆ ಕಾವಲಿಲ್ಲದೆ ಬಿಟ್ಟಿದೆ’ ಎಂಬ ಒಂದು ವಾಕ್ಯವಿದ್ದಿದ್ದರೆ, ಹೊಸ ರಾಕೆಟ್ಟಿಗೆ ಅದನ್ನು ಹೊತ್ತವರು ಒಂದು ಗಳಿಗೆ ನಿಂತು ಯೋಚಿಸುವ ಸಂಭವವಿದ್ದಿತು. ಎರವಲು ಬಂದದ್ದು ಕ್ರಮವಿಧಿ ಮಾತ್ರ. ಅದು ನಿಂತಿದ್ದ ನಂಬಿಕೆ ಹಿಂದೆಯೇ ಉಳಿಯಿತು. ಹೊಸ ಹಾದಿಯ ಅಂಕಿ ಅಂಶಗಳನ್ನಿತ್ತು ನೆಲದ ಮೇಲೆ ಆ ಉಪಕರಣವನ್ನು ಪರೀಕ್ಷಿಸಿಯೂ ಇರಲಿಲ್ಲ. ಪರೀಕ್ಷಿಸಿದ್ದರೆ ಅದು ಆಕಾಶದಲ್ಲಿ ನಿಲ್ಲುವ ಬದಲು ಕಾರ್ಯಾಗಾರದಲ್ಲಿಯೇ ನಿಲ್ಲುತ್ತಿದ್ದಿತು.

ಇದಕ್ಕಿಂತ ವಿಷಾದಕರವಾದ ಸಂಗತಿಯೊಂದುಂಟು. ಆ ಲೆಕ್ಕ ರಾಕೆಟ್ಟು ನೆಲದ ಮೇಲಿರುವಾಗ ಉಪಕರಣವನ್ನು ನೇರಗೊಳಿಸುವುದಕ್ಕಾಗಿ ಇದ್ದಿತು. ಮೇಲೆದ್ದ ಅನಂತರ ಅದರಿಂದ ಏನೂ ಪ್ರಯೋಜನವಿರಲಿಲ್ಲ. ಏರಿಯನ್-4ರ ಒಂದು ಅನುಕೂಲಕ್ಕಾಗಿ ಅದನ್ನು ಹಾರಾಟದ ಮೊದಲ ಸುಮಾರು 40 ಸೆಕೆಂಡುಗಳವರೆಗೂ ನಡೆಯಗೊಡುತ್ತಿದ್ದರು. ಆ ಪದ್ಧತಿಯೂ ಎರವಲಾಗಿ ಬಂದಿತು. ಇಷ್ಟೇ ಅಲ್ಲ. ನಿಂತುಹೋದ ಉಪಕರಣ ತನ್ನ ದೋಷದ ವಿವರವನ್ನು ಬಿಟ್‌ಗಳ ರೂಪದಲ್ಲಿ ಮುಖ್ಯ ಗಣಕಕ್ಕೆ ಕಳುಹಿಸಿತು. ಮುಖ್ಯ ಗಣಕ ಅದನ್ನು ಹಾರಾಟದ ಅಳತೆಯೆಂದು ಓದಿತು. ಇಲ್ಲದ ಓಲಾಟವನ್ನು ತಿದ್ದಹೊರಟು ಕೊಳವೆಗಳನ್ನು ಪೂರ್ತಿ ತಿರುಗಿಸಿತು. ‘ನಾನು ಕೆಟ್ಟಿದ್ದೇನೆ’ ಎಂಬ ಮಾತು ‘ರಾಕೆಟ್ಟು ವಾಲಿದೆ’ ಎಂಬ ಮಾತಾಗಿ ಕೇಳಿಸಿತು. ಇದೂ ಬಗೆಯ ಪಲ್ಲಟವೇ. ಮತ್ತು ಇದು ಸದ್ದಿಲ್ಲದೆ ನಡೆದ ಪಲ್ಲಟ. ರಾಕೆಟ್ಟನ್ನು ತಿರುಗಿಸಿದ್ದು ಮೊದಲ ಪರಿವರ್ತನೆಯ ಕೂಗಲ್ಲ, ಎರಡನೆಯದರ ಮೌನ ಎಂದರೆ ತಪ್ಪಾಗಲಾರದು.

ಒಟ್ಟಿನಲ್ಲಿ ಆ ಕ್ರ್ಯಾಶ್ ಸಾಕ್ಷಿಯ ಕೆಲಸವನ್ನಂತೂ ಮಾಡಿತು. ಜೌಗಿನಿಂದ ಹೆಕ್ಕಿ ತಂದ ಉಪಕರಣದ ಸ್ಮೃತಿಯಲ್ಲಿ ದೋಷದ ಗುರುತು ಉಳಿದಿದ್ದಿತು. ನೆಲದ ಮೇಲೆ ಅದೇ ಹಾದಿಯನ್ನು ಗಣಕದಲ್ಲಿ ಅನುಕರಿಸಿದಾಗ ಅದೇ ಸಾಲು ಘಟನೆಗಳು ಮರುಕಳಿಸಿದವು. ಆರೂವರೆ ವಾರಗಳಲ್ಲಿ ಕಾರಣ ಪೂರ್ತಿಯಾಗಿ ಬಯಲಾಯಿತು. ನಾಲ್ಕು ಹೊಸ ಕ್ಲಸ್ಟರ್ ಉಪಗ್ರಹಗಳು 2000ದಲ್ಲಿ ರಷ್ಯದ ಸೋಯುಜ್ ರಾಕೆಟ್ಟುಗಳ ಮೇಲೆ ಕಕ್ಷೆಯನ್ನು ಸೇರಿದವು.

ಇನ್ನು ಎರಡನೆಯ ನಿದರ್ಶನ. ಇಲ್ಲಿ ಯಾವುದೂ ಸಿಡಿಯಲಿಲ್ಲ, ಯಾರೂ ಬೆಚ್ಚಲಿಲ್ಲ. ಮನುಷ್ಯನ ಜೀನುಗಳಿಗೆ ವಿಜ್ಞಾನಿಗಳು ಚಿಕ್ಕ ಸಂಕೇತನಾಮಗಳನ್ನು ಇಟ್ಟಿದ್ದಾರೆ. ‘ಸೆಪ್ಟ್2’, ‘ಮಾರ್ಚ್1’ ಎಂಬವು ಅವುಗಳಲ್ಲಿ ಕೆಲವಾಗಿದ್ದವು. ಇವನ್ನು ಎಕ್ಸೆಲ್ ಎಂಬ ಕೋಷ್ಟಕದ ತಂತ್ರಾಂಶದಲ್ಲಿ ಬರೆದರೆ ಅದು ಅವುಗಳನ್ನು ತಾರೀಖುಗಳೆಂದು ತಿಳಿದು ಸೆಪ್ಟೆಂಬರ್ 2, ಮಾರ್ಚ್ 1 ಎಂದು ಮಾರ್ಪಡಿಸಿಬಿಡುತ್ತಿದ್ದಿತು. ತಾರೀಖಾದ ಮೇಲೆ ಕೋಷ್ಟಕದ ಕೋಣೆಯಲ್ಲಿ ಮೂಲದ ಹೆಸರು ಉಳಿಯುವುದಿಲ್ಲ. 2004ರಲ್ಲಿಯೇ ಸಂಶೋಧಕರು ಈ ಕೆಡುಕನ್ನು ಬಹಿರಂಗವಾಗಿ ತಿಳಿಸಿದರು. ಹನ್ನೆರಡು ವರ್ಷಗಳ ಅನಂತರ, 2016ರಲ್ಲಿ, ಜೀನುಗಳ ಎಕ್ಸೆಲ್ ಪಟ್ಟಿಗಳನ್ನು ಲಗತ್ತಿಸಿದ್ದ ವಿಜ್ಞಾನ ಲೇಖನಗಳನ್ನು ಪರಿಶೀಲಿಸಿದವರಿಗೆ ಅವುಗಳಲ್ಲಿ ಸುಮಾರು ಐದನೆಯ ಒಂದು ಪಾಲಿನಲ್ಲಿ ಹೆಸರುಗಳು ಕೆಟ್ಟಿರುವುದು ಕಂಡುಬಂದಿತು. ಲೇಖಕರು, ಪರಿಶೀಲಕರು, ಸಂಪಾದಕರು ಎಲ್ಲರ ಕಣ್ಣನ್ನೂ ತಪ್ಪಿಸಿಕೊಂಡು ಅವು ಅಚ್ಚಾಗಿದ್ದವು.

ಕೊನೆಗೆ ಆದುದೇನು? 2020ರಲ್ಲಿ ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಜೀನುಗಳ ಹೆಸರನ್ನೇ ಬದಲಾಯಿಸಿತು! ‘ಸೆಪ್ಟ್2’ ‘ಸೆಪ್ಟಿನ್2’ ಆಯಿತು. ‘ಮಾರ್ಚ್1’ ‘ಮಾರ್ಚ್ಎಫ್1’ ಆಯಿತು. ಬಳಸುವವರು ಬೇಡವೆಂದರೆ ಈ ತಾನೇತಾನಾದ ಪರಿವರ್ತನೆಯನ್ನು ನಿಲ್ಲಿಸುವ ಅವಕಾಶವನ್ನು ಎಕ್ಸೆಲ್‌ನ ತಯಾರಕರು ಕೊಟ್ಟದ್ದು 2023ರಲ್ಲಿ. ಮನುಷ್ಯನಿಗಾಗಿ ಯಂತ್ರ ಬಾಗಬೇಕಾಗಿದ್ದ ಕಡೆಯಲ್ಲಿ ಯಂತ್ರಕ್ಕಾಗಿ ವಿಜ್ಞಾನವೇ ಬಾಗಿತು. ರಾಕೆಟ್ಟಿನ ದೋಷ ಆರೂವರೆ ವಾರಗಳಲ್ಲಿ ಬಗೆಹರಿದರೆ, ಈ ಪುಟ್ಟ ದೋಷ ಸುಮಾರು ಎರಡು ದಶಕಗಳ ಕಾಲ ಉಳಿಯಿತು. ಒಂದು ಕೂಗಿಕೊಂಡಿತು, ಇನ್ನೊಂದು ಕೂಗಲಿಲ್ಲ. ವ್ಯತ್ಯಾಸವಿರುವುದು ಮುಖ್ಯವಾಗಿ ಇಷ್ಟರಲ್ಲಿಯೇ.

ನಮ್ಮ ಕಚೇರಿಗಳಲ್ಲಿಯೂ ಅಂಗಡಿಗಳಲ್ಲಿಯೂ ಇಂಥ ಕೋಷ್ಟಕಗಳನ್ನು ದಿನವೂ ತುಂಬಿಸುತ್ತಿರುವುದರಿಂದ ಈ ವಿಷಯ ವಿಜ್ಞಾನಿಗಳಿಗೆ ಮಾತ್ರ ಸೇರಿದುದಲ್ಲ. ಬ್ಯಾಂಕಿನ ಖಾತೆಯ ಸಂಖ್ಯೆ ಸೊನ್ನೆಯಿಂದ ಮೊದಲಾಗುವುದಾದರೆ, ಕೋಷ್ಟಕ ಅದನ್ನು ಸಂಖ್ಯೆಯೆಂದು ತಿಳಿದು ಮುಂದಿನ ಸೊನ್ನೆಯನ್ನು ಕಿತ್ತುಹಾಕುತ್ತದೆ. ಹದಿನಾರು ಅಂಕಿಗಳ ಕಾರ್ಡಿನ ಸಂಖ್ಯೆಯನ್ನು ಬರೆದರೆ, ಎಕ್ಸೆಲ್ ಹದಿನೈದು ಅಂಕಿಗಳನ್ನು ಮಾತ್ರ ಉಳಿಸಿಕೊಂಡು ಕೊನೆಯದನ್ನು ಸೊನ್ನೆ ಮಾಡುತ್ತದೆ. ನಿಜಕ್ಕೂ ಇವು ಸಂಖ್ಯೆಗಳೇ ಅಲ್ಲ. ಅಂಕಿಗಳಲ್ಲಿ ಬರೆದ ಹೆಸರುಗಳು. ಎರಡು ದೂರವಾಣಿಯ ಸಂಖ್ಯೆಗಳನ್ನು ಕೂಡಿಸುವವರುಂಟೇ? ಕೂಡುವುದಕ್ಕೂ ಕಳೆಯುವುದಕ್ಕೂ ಅರ್ಥವಿಲ್ಲದ ಅಂಕಿಗಳನ್ನು ಅಕ್ಷರಗಳ ಸಾಲಾಗಿಯೇ ಇಡತಕ್ಕದ್ದು. ಈ ವಿವೇಚನೆಯನ್ನು ಯಂತ್ರ ತಾನಾಗಿ ಮಾಡಲಾರದು. ಮಾಡಲಾರದೆಂದು ಒಪ್ಪಿ ಕೇಳಬಹುದು. ಕೇಳದೆ ಊಹಿಸುವುದೇ ಅದರ ಅಪರಾಧ.

‘ಪ್ರತಿ ಪರಿವರ್ತನೆಗೂ ಯಂತ್ರ ನಿಂತು ಕೇಳುತ್ತ ಹೋದರೆ ಕೆಲಸ ಸಾಗುವುದು ಹೇಗೆ? ಚೂರುಪಾರು ವ್ಯತ್ಯಾಸದಿಂದ ಆಗುವುದೇನು?’ ಎಂದು ಕೆಲವರು ಹೇಳುವುದುಂಟು. ಚೂರಿನ ಮಾತಿಗೆ 1991ರ ಫೆಬ್ರವರಿ 25ರ ದುರಂತವೇ ಉತ್ತರ. ಕೊಲ್ಲಿಯ ಯುದ್ಧದಲ್ಲಿ ಸೌದಿ ಅರೇಬಿಯದ ದಹ್ರಾನ್‌ನಲ್ಲಿದ್ದ ಪೇಟ್ರಿಯಟ್ ಎಂಬ ರಕ್ಷಣಾ ವ್ಯವಸ್ಥೆ ಕಾಲವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗಗಳಲ್ಲಿ ಎಣಿಸಿ, ಲೆಕ್ಕಕ್ಕಾಗಿ ಸೆಕೆಂಡುಗಳಿಗೆ ಪರಿವರ್ತಿಸಿಕೊಳ್ಳುತ್ತಿದ್ದಿತು. ಮೂರನೆಯ ಒಂದು ಭಾಗ ನಮ್ಮ ದಶಮಾಂಶ ಪದ್ಧತಿಯಲ್ಲಿ ಹೇಗೆ ಮುಗಿಯುವುದಿಲ್ಲವೋ, ಹತ್ತನೆಯ ಒಂದು ಭಾಗ ಗಣಕದ ದ್ವಿಮಾನ ಪದ್ಧತಿಯಲ್ಲಿ ಹಾಗೆಯೇ ಮುಗಿಯುವುದಿಲ್ಲ. 24 ಬಿಟ್‌ಗಳಿಗೆ ಕತ್ತರಿಸಿದಾಗ ಬಾಲ ಉಳಿದುಹೋಗುತ್ತದೆ. ಒಂದೊಂದಾಣೆಯಂತೆ ಕೊಟ್ಟಾಗ ಪೈಸೆ ಸೋರಿದಂತೆ ಇಲ್ಲಿ ಕಾಲ ಸೋರಿತು. ನೂರು ಗಂಟೆ ಎಡೆಬಿಡದೆ ನಡೆದ ಮೇಲೆ ಸೋರಿಕೆ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟಾಗಿದ್ದಿತು. ಬರುತ್ತಿದ್ದ ಸ್ಕಡ್ ಕ್ಷಿಪಣಿ ಅಷ್ಟರಲ್ಲಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗಬಲ್ಲುದು. ವ್ಯವಸ್ಥೆ ಅದನ್ನು ಇಲ್ಲದ ಕಡೆ ಹುಡುಕಿತು. ಅಮೆರಿಕದ 28 ಮಂದಿ ಸೈನಿಕರು ಸತ್ತರು. ತಿದ್ದಿದ ತಂತ್ರಾಂಶ ದಹ್ರಾನನ್ನು ತಲುಪಿದ್ದು ಮರುದಿನ.

ಇನ್ನು ನಿಂತು ಕೇಳುವ ಮಾತು. ಪ್ರತಿಯೊಂದಕ್ಕೂ ಕೇಳಬೇಕಾದುದಿಲ್ಲ. ಪಾವಿನಲ್ಲಿರುವುದನ್ನು ಸೇರಿಗೆ ಸುರಿಯುವುದಕ್ಕೆ ಯಾರ ಅಪ್ಪಣೆಯೂ ಬೇಡ, ಏನೂ ಚೆಲ್ಲುವುದಿಲ್ಲ. ದೊಡ್ಡದರಿಂದ ಚಿಕ್ಕದಕ್ಕೆ ಸುರಿಯುವಾಗ, ಹೆಸರನ್ನು ಸಂಖ್ಯೆಯಾಗಿಯೋ ತಾರೀಖಾಗಿಯೋ ಓದುವಾಗ ಮಾತ್ರ ಲೈಬ್ರರಿ ತಡೆದು ನಿಲ್ಲಲಿ. ಬಳಸುವವನು ಬೇಕೆಂದೇ ಕತ್ತರಿಸುವುದಾದರೆ, ಹಾಗೆಂದು ತನ್ನ ಕ್ರಮವಿಧಿಯಲ್ಲಿ ಬರೆದು ತಿಳಿಸಲಿ. ಮುಂದೆ ಓದುವವನಿಗೆ ಅದೇ ದಾಖಲೆಯಾಗುತ್ತದೆ. ಹಾರುತ್ತಿರುವ ರಾಕೆಟ್ಟಿನಂತೆ ನಿಲ್ಲಲಾಗದ ಎಡೆಗಳಲ್ಲಿ ಏನು ಮಾಡತಕ್ಕದ್ದೆಂಬುದನ್ನು ಮೊದಲೇ ನಿರ್ಧರಿಸಿಡಬೇಕು. ಏರಿಯನ್ ಮಂಡಳಿಯ ಶಿಫಾರಸೂ ಅದೇ: ಅಳೆಯುವ ಉಪಕರಣ ತನ್ನಿಂದಾದ ಮಟ್ಟಿಗಿನ ಅಳತೆಯನ್ನು ಕಳುಹಿಸುತ್ತಲೇ ಇರಬೇಕು, ಸುಮ್ಮನಾಗಕೂಡದು. ಅಂಥ ಅಳತೆಯ ಜೊತೆಗೆ ‘ಇದು ಸಂದೇಹಾಸ್ಪದ’ ಎಂಬ ಗುರುತೂ ಹೋಗಬೇಕೆಂದು ನಾನು ಸೇರಿಸುತ್ತೇನೆ.

ಲೈಬ್ರರಿಯನ್ನು ಬರೆಯುವವರ ಹೊಣೆ ಇಷ್ಟಾದರೆ, ಎರವಲು ತರುವವರ ಹೊಣೆಯೂ ಉಂಟು. ಹಿಂದಿನ ಕೆಲಸದಲ್ಲಿ ಸರಿಯಾಗಿ ನಡೆಯಿತೆಂಬುದು ಹೊಸ ಕೆಲಸದಲ್ಲಿ ನಡೆಯುವುದಕ್ಕೆ ಪ್ರಮಾಣವಲ್ಲ. ಹೊಸ ಕೆಲಸದ ಅತಿ ದೊಡ್ಡ ಬೆಲೆಯನ್ನೂ ಅತಿ ಚಿಕ್ಕ ಬೆಲೆಯನ್ನೂ ಹಳೆಯ ಪಾತ್ರೆಗೆ ಒಮ್ಮೆ ಸುರಿದು ನೋಡಬೇಕು. ಅಲ್ಲಿ ಕ್ರಮವಿಧಿ ನಿಂತುಹೋದರೆ ಸಂತೋಷಪಡಬೇಕು. ಇನ್ನೂ ಕಾರ್ಯಾಗಾರದಲ್ಲಿಯೇ ಇದ್ದೇವಲ್ಲ! ಕ್ರ್ಯಾಶಿನ ಸಂದೇಶವನ್ನು ಮುಚ್ಚಿಹಾಕಿ ಹೇಗಾದರೂ ಮುಂದಕ್ಕೆ ಓಡಿಸುವ ತಿದ್ದುಪಡಿ ದೋಷಶೋಧನೆಯಲ್ಲ. ಸಾಕ್ಷಿಯ ಬಾಯಿಗೆ ಬಟ್ಟೆ ತುರುಕಿದಂತೆ. ಬೆಲೆ ಪಾತ್ರೆಯನ್ನು ಏಕೆ ಮೀರಿತು, ಆ ಪಾತ್ರೆಯನ್ನು ಯಾರು ಯಾವ ನಂಬಿಕೆಯಿಂದ ಆರಿಸಿದರು ಎಂದು ಕೇಳುತ್ತ ಮೂಲದವರೆಗೂ ಹೋಗುವುದೇ ನಿಜವಾದ ಶೋಧನೆ.

ಆಣೆಯಿಂದ ಪೈಸೆಗೆ ಹೋದ ಕಾಲದಲ್ಲಿ ಪರಿವರ್ತನೆಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಚಿಲ್ಲರೆ ಎಣಿಸಬಹುದಾಗಿದ್ದಿತು. ಗಿರಾಕಿಗೆ ಸಂದೇಹ ಬಂದರೆ ಬೆರಳಿಟ್ಟು ತೋರಿಸಬಹುದಾಗಿದ್ದಿತು. ಅಂದಿನ ಆ ಒಂದು ಪೈಸೆಗಿಂತ ಇಂದು ಗಣಕದಲ್ಲಿ ಕಳೆದುಹೋಗುವ ಬೆಲೆಗಳು ಬಹಳ ದೊಡ್ಡವು. ಅವುಗಳ ಹಿಂದೆ ಮನುಷ್ಯರ ಹಣವೂ ಆರೋಗ್ಯವೂ ಒಮ್ಮೊಮ್ಮೆ ಪ್ರಾಣವೂ ಇರುತ್ತವೆ. ಹೀಗಿರುವಲ್ಲಿ, ಪರಿವರ್ತನೆಯಲ್ಲಿ ಏನು ಹೋಯಿತೆಂದು ಬೆರಳಿಟ್ಟು ತೋರಿಸು ಎಂದು ತಂತ್ರಾಂಶವನ್ನು ಕೇಳುವ ಹಕ್ಕು ಬಳಸುವವನಿಗೆ ಇದೆ. ತೋರಿಸಲಾಗದಿದ್ದರೆ ಅದು ನಿಲ್ಲಲಿ.